ಗ್ರಾಮಸಭೆಯ ಮನಸ್ಸು, ನನ್ನ ಪಿಎಚ್‌ಡಿ ಫೈಲು

ಮೊನ್ನೆ ಪಿಎಚ್‌ಡಿ ನೋಟಿಫಿಕೇಶನ್ ಕೈಗೆ ಬಂತು, ಪದವಿ ಕೊಟ್ಟಿದ್ದೇವೆ ಅನ್ನುವ ಆದೇಶ. ಒಂದೇ ಒಂದು ಹಾಳೆ. ಎಂಟ್ರೆನ್ಸ್ ಬರೆದಿದ್ದು 2018ರಲ್ಲಿ. ಆ ಹಾಳೆ ಬರೋದಕ್ಕೆ ಏಳು ವರ್ಷ ಹಿಡಿಯಿತು. ಅತಿಥಿ ಉಪನ್ಯಾಸಕರಾಗಿದ್ದುಕೊಂಡೇ ಸಂಶೋಧನೆ ಮಾಡಬೇಕು, ಅದೂ ಕನ್ನಡದಲ್ಲಿ ಬರೆಯಬೇಕು ಅನ್ನುವವರು ಆಗಾಗ ಫೋನ್ ಮಾಡುತ್ತಾರೆ. ಪ್ರತಿಯೊಬ್ಬರಿಗೂ ಅದದೇ ಕಥೆ ಹೇಳಿ ಗಂಟಲು ಒಣಗಿದೆ. ಅದಕ್ಕೇ ಇದು.

ನನ್ನದು ರಾಜ್ಯಶಾಸ್ತ್ರ. ಸಂಶೋಧನೆಯ ವಿಷಯ ಹೇಳಿದರೆ ಜನ ಮೊದಲು ನಗುತ್ತಾರೆ. ‘ಗ್ರಾಮಸಭೆ ತೀರ್ಮಾನಿಸಿತು’ ಅಂತೀವಲ್ಲ, ತೀರ್ಮಾನಿಸಿದ್ದು ನಿಜವಾಗಿ ಯಾರು? ಸಭೆಗೆ ಅಂತ ಒಂದು ಮನಸ್ಸಿದೆಯಾ, ಅಥವಾ ಅಲ್ಲಿ ಕೂತವರ ಮನಸ್ಸುಗಳಷ್ಟೇನಾ? ಸಮಾಜ ವಿಜ್ಞಾನದ ತತ್ವಶಾಸ್ತ್ರದಲ್ಲಿ ಇದು ಹಳೇ ಜಗಳ. ಕೆಲಸ ಮಾಡುವುದು ವ್ಯಕ್ತಿಗಳು ಮಾತ್ರ, ರಾಜ್ಯ, ಸಂಘ, ಸಭೆ ಎಲ್ಲ ಅವರ ಕೆಲಸಕ್ಕೆ ನಾವಿಟ್ಟ ಹೆಸರು ಅಂದವರು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್. ಇಲ್ಲ, ಸಮಾಜ ಅನ್ನುವುದು ವ್ಯಕ್ತಿಯ ಹೊರಗೆ ನಿಂತು ಅವನ ಮೇಲೆ ಒತ್ತಡ ಹಾಕುತ್ತದೆ ಅಂದವರು ಇನ್ನೊಬ್ಬ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್. ನಾನು ಈ ಜಗಳವನ್ನು ನಮ್ಮ ಚಿತ್ರದುರ್ಗ ಕಡೆಯ ಮೂರು ಪಂಚಾಯಿತಿಗಳ ನಡವಳಿ ಪುಸ್ತಕದೊಳಗೆ ಹುಡುಕಲು ಹೊರಟವಳು.

ಇದಕ್ಕೆ ಕಾರಣ ನಮ್ಮವ್ವ. ಹೊಸ ಪಂಚಾಯತ್ ರಾಜ್ ಕಾಯ್ದೆ ಬಂದು 1993ರ ಡಿಸೆಂಬರ್‌ನಲ್ಲಿ ಮೊದಲ ಚುನಾವಣೆ ಆಯಿತಲ್ಲ, ಆಗ ಅವ್ವ ಮಹಿಳಾ ಮೀಸಲಿನಲ್ಲಿ ಸದಸ್ಯೆ ಆದಳು. ನಮ್ಮ ಕೇರಿಗೆ ಬರಬೇಕಿದ್ದ ಬೋರ್‌ವೆಲ್ ಊರಿನ ಆ ತುದಿಗೆ ಹೋಯಿತು. ಕೇರಿಯ ಹೆಂಗಸರು ಬಿಂದಿಗೆ ಹಿಡಿದು ಮನೆ ಮುಂದೆ ನಿಂತರು. “ನೀನೇ ಸಹಿ ಹಾಕಿದ್ದೀಯಲ್ಲ” ಅಂದರು. ಅವ್ವ ಇವತ್ತಿಗೂ ಹೇಳುವುದು ಒಂದೇ ಮಾತು. “ನಾನೆಲ್ಲಿ ಒಪ್ಪಿದ್ದೆ ಮಗಾ? ಸೈನ್ ಹಾಕಮ್ಮಾ ಅಂದ್ರು, ಹಾಕ್ದೆ.”

ಎಂಟ್ರೆನ್ಸ್ ಕಷ್ಟ ಆಗಲಿಲ್ಲ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ನನಗೆ ಆಗಿತ್ತು. ಕಷ್ಟ ಶುರುವಾಗಿದ್ದು ಎನ್‌ಒಸಿ ಹೆಸರಲ್ಲಿ. ನಾನು ಪಾರ್ಟ್ ಟೈಮ್‌ಗೆ ಅರ್ಜಿ ಹಾಕಿದ್ದೆ. ಕೆಲಸ ಮಾಡುವ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ತನ್ನಿ ಅಂತ ವಿಶ್ವವಿದ್ಯಾಲಯ ಕೇಳಿತು. ಪ್ರಿನ್ಸಿಪಾಲರು ಒಳ್ಳೆಯವರೇ. ಆದರೆ, “ಅತಿಥಿ ಅಂದ್ರೆ ನೀವು ನಮ್ಮ ನೌಕರರೇ ಅಲ್ಲಮ್ಮ. ನಿಮಗೆ ಕೊಡೋದು ಸಂಬಳ ಅಲ್ಲ, ಗೌರವಧನ. ನೌಕರರಲ್ಲದವರಿಗೆ ನಾನು ಏನಂತ ಆಕ್ಷೇಪಣೆ ಇಲ್ಲ ಅಂತ ಬರೆಯಲಿ?” ಅಂದರು. ತರ್ಕ ಸರಿಯಾಗೇ ಇದೆ, ಅಲ್ವಾ? ವಿಶ್ವವಿದ್ಯಾಲಯದಲ್ಲಿ ಕೇಳಿದರೆ, ಪಾಠ ಮಾಡ್ತೀರಿ ಅಂದಮೇಲೆ ನೌಕರರೇ ಅಂದರು. ಒಂದು ಕಡೆ ನಾನು ನೌಕರಳು, ಇನ್ನೊಂದು ಕಡೆ ಅಲ್ಲ. ಈ ಎರಡರ ನಡುವೆ ಐದು ವಾರ ಓಡಾಡಿದೆ. ಕೊನೆಗೆ ದಾರಿ ತೋರಿಸಿದ್ದು ಅದೇ ಕಾಲೇಜಿನ ಎಫ್‌ಡಿಎ. “ಎನ್‌ಒಸಿ ಅಂತ ಕೇಳ್ಬೇಡಿ ಮೇಡಂ. ಇಷ್ಟು ಅವಧಿ ಕಾರ್ಯಭಾರ ಇದೆ, ಸಂಶೋಧನೆಗೆ ಇದರಿಂದ ಅಡ್ಡಿ ಇಲ್ಲ ಅಂತ ದೃಢೀಕರಣ ಪತ್ರ ಕೇಳಿ” ಅಂದರು. ಅದೇ ದಿನ ಸಹಿ ಆಯಿತು. ನೀವು ಅತಿಥಿಗಳಾಗಿದ್ದರೆ ಪತ್ರದ ಹೆಸರು ಬದಲಾಯಿಸಿ ನೋಡಿ.

ಮುಂದಿನದು ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪರೇಷೆ. ಇಲ್ಲಿ ನಡೆದದ್ದನ್ನು ವಿವರವಾಗಿ ಹೇಳಬೇಕು. ಕಮಿಟಿಯಲ್ಲಿ ಮೂವರು ಇದ್ದರು. ನನ್ನ ಕೆಲಸಕ್ಕೆ ಎರಡು ಕಾಲು. ಒಂದು ತತ್ವಶಾಸ್ತ್ರದ್ದು, ಇನ್ನೊಂದು ಹಳ್ಳಿಗೆ ಹೋಗಿ ನೋಡುವುದು. ಎರಡೂ ಸರಿ ಇದ್ದರೆ ತಾನೇ ಶೀರ್ಷಿಕೆ ಒಪ್ಪುವುದು? ಮೊದಲನೆಯವರು ಎರಡೂ ಚೆನ್ನಾಗಿದೆ ಅಂದರು. ಎರಡನೆಯವರಿಗೆ ತತ್ವಶಾಸ್ತ್ರ ಇಷ್ಟ ಆಯಿತು, ಆದರೆ ಕ್ಷೇತ್ರಕಾರ್ಯ ಆಗದ ಮಾತು ಅಂದರು. ಮೂರನೆಯವರು ಕ್ಷೇತ್ರಕಾರ್ಯ ಮಾಡಿ, ಈ ಮನಸ್ಸು ಗಿನಸ್ಸು ಬಿಡಿ ಅಂದರು. ಲೆಕ್ಕ ಹಾಕಿ. ತತ್ವಶಾಸ್ತ್ರಕ್ಕೆ ಮೂರರಲ್ಲಿ ಇಬ್ಬರ ಒಪ್ಪಿಗೆ ಇದೆ. ಕ್ಷೇತ್ರಕಾರ್ಯಕ್ಕೂ ಇಬ್ಬರ ಒಪ್ಪಿಗೆ ಇದೆ. ಎರಡಕ್ಕೂ ಬಹುಮತ! ಆದರೂ ಶೀರ್ಷಿಕೆ ಒಪ್ಪಿದ್ದು ಒಬ್ಬರೇ. ಸಿನಾಪ್ಸಿಸ್ ವಾಪಸ್.

ಬಸ್ಸಲ್ಲಿ ಅತ್ತುಕೊಂಡೇ ಊರಿಗೆ ಬಂದೆ. ಕಮಿಟಿಯಲ್ಲಿ ಯಾರೂ ನನಗೆ ಕೆಟ್ಟದ್ದು ಬಯಸಿರಲಿಲ್ಲ, ಅದು ಗೊತ್ತಿತ್ತು. ಹಾಗಿದ್ದರೂ ಆಗಿದ್ದೇನು ಅನ್ನುವುದು ಅರ್ಥ ಆಗಿದ್ದು ಆರು ತಿಂಗಳ ಮೇಲೆ. ತತ್ವಶಾಸ್ತ್ರಜ್ಞರಾದ ಕ್ರಿಶ್ಚಿಯನ್ ಲಿಸ್ಟ್ ಮತ್ತು ಫಿಲಿಪ್ ಪೆಟಿಟ್ ಅವರ 2002ರ ಒಂದು ಲೇಖನ ಸಿಕ್ಕಿತು. ನನಗೆ ಆದದ್ದೇ ಅಲ್ಲಿತ್ತು. ಒಂದೊಂದು ಕಾರಣದ ಮೇಲೂ ಬಹುಮತ ಹೌದು ಅನ್ನಬಹುದು, ಆ ಕಾರಣಗಳಿಂದ ಹುಟ್ಟಬೇಕಾದ ತೀರ್ಮಾನಕ್ಕೆ ಬಹುಮತ ‘ಇಲ್ಲ’ ಅನ್ನಬಹುದು. ಹೆಚ್ಚು ನ್ಯಾಯಾಧೀಶರಿರುವ ಪೀಠಗಳಲ್ಲಿ ಈ ತೊಡಕು ಬರುತ್ತದೆ ಅಂತ ಕಾನೂನಿನವರು ಅವರಿಗಿಂತ ಮೊದಲೇ ಗುರುತಿಸಿದ್ದರಂತೆ. ಒಂದೊಂದು ಪ್ರಶ್ನೆಗೂ ಬಹುಮತ ಹಿಡಿದು ಹೊರಟರೆ, ಗುಂಪಿನ ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಅನ್ನುವ ಖಾತ್ರಿ ಇಲ್ಲ ಅಂತ ಲಿಸ್ಟ್ ಮತ್ತು ಪೆಟಿಟ್ ಗಣಿತ ಹಾಕಿ ತೋರಿಸಿದರು. ಆ ಲೇಖನ ನನ್ನ ಎರಡನೇ ಅಧ್ಯಾಯ ಆಯಿತು. ಸಿನಾಪ್ಸಿಸ್ ವಾಪಸ್ ಬಂದಿದ್ದು ಒಂದು ರೀತಿ ಉಪಕಾರವೇ ಆಯಿತು. ಆದರೆ ಆರು ತಿಂಗಳ ಶುಲ್ಕ ಸುಮ್ನೆ ಹೋಯಿತು.

ಎರಡನೇ ಸಲ ಹೋಗುವಾಗ ಗೈಡ್ ಒಂದು ಉಪಾಯ ಹೇಳಿಕೊಟ್ಟರು. ಮೂವರನ್ನೂ ಒಟ್ಟಿಗೆ ಒಪ್ಪಿಸೋಕೆ ಹೋಗಬೇಡ, ಮೊದಲೇ ಒಬ್ಬೊಬ್ಬರ ಹತ್ತಿರ ಹೋಗಿ, ಅವರಿಗಿರುವ ಅನುಮಾನ ಏನು ಅಂತ ಕೇಳಿ ಬಾ ಅಂದರು. ಹೋದೆ. ಹತ್ತು ನಿಮಿಷದಲ್ಲಿ ಒಪ್ಪಿಗೆ ಆಯಿತು.

ಕೋರ್ಸ್‌ವರ್ಕ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಶೇ. 55 ಬರಬೇಕು, ಹಾಜರಿ ನೋಡಿಕೊಳ್ಳಿ, ಅಷ್ಟೆ.

ಓದಿನದು ಬೇರೆ ಕಥೆ. ಈ ವಿಷಯದಲ್ಲಿ ಕನ್ನಡದಲ್ಲಿ ನನಗೆ ಸಿಕ್ಕ ಸಾಮಗ್ರಿ ಕಡಿಮೆ. ಬೆಂಗಳೂರು ನಾಗರಬಾವಿಯ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆ ಐಸೆಕ್‌ಗೆ ಗೈಡ್ ಪತ್ರ ಹಿಡಿದು ಹೋದೆ. ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಂಸ್ಥೆ ಅದು, 1972ರದ್ದು. ಅಲ್ಲಿನ ಗ್ರಂಥಾಲಯದಲ್ಲಿ ಕೂತು, ಜನ ಹೇಗೆ ಆಯ್ಕೆ, ತೀರ್ಮಾನ ಮಾಡುತ್ತಾರೆ ಅಂತ ಬರೆದ ಕೆನೆತ್ ಆರೋ, ಅಮರ್ತ್ಯ ಸೆನ್, ಹರ್ಬರ್ಟ್ ಸೈಮನ್ ಓದಿದೆ. ಸೈಮನ್ ತುಂಬ ಹಿಡಿಸಿದರು. ಮನುಷ್ಯರು ಅತ್ಯುತ್ತಮವಾದದ್ದನ್ನು ಹುಡುಕುತ್ತಾ ಕೂರುವುದಿಲ್ಲ, ಇದ್ದ ಸಮಯದಲ್ಲಿ, ಇದ್ದ ತಿಳಿವಳಿಕೆಯಲ್ಲಿ ‘ಇಷ್ಟಾದರೆ ಸಾಕು’ ಅನ್ನುವುದನ್ನು ಆರಿಸಿಕೊಳ್ಳುತ್ತಾರೆ ಅನ್ನುವುದು ಅವರ ಮಾತಿನ ಸಾರ. ಪಂಚಾಯಿತಿ ಕ್ರಿಯಾಯೋಜನೆ ತಯಾರಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪದಗಳದ್ದೇ ದೊಡ್ಡ ತಲೆನೋವು. ವೆಬರ್‌ನ ನಿಲುವಿಗೆ ನಾನು ಮೊದಲು ‘ವ್ಯಕ್ತಿನಿಷ್ಠ ವಿಧಾನ’ ಅಂತ ಬರೆದಿದ್ದೆ. ಗೈಡ್ ಕೆಂಪು ಪೆನ್ನಲ್ಲಿ ಗೀಟು ಹಾಕಿ, “ಇದನ್ನ ಓದಿದವರು ನಿನ್ನ ಸ್ವಂತ ಅಭಿಪ್ರಾಯ ಅಂದ್ಕೋತಾರೆ” ಅಂದರು. ‘ವಿಧಾನಾತ್ಮಕ ವ್ಯಕ್ತಿವಾದ’ ಅಂತ ಮಾಡಿದೆ. ಭಾರ ಅನಿಸಿತು, ಆದರೆ ತಪ್ಪಿರಲಿಲ್ಲ. ನಿರ್ಣಯ, ನಿರ್ಧಾರ, ತೀರ್ಮಾನ, ಠರಾವು ಇವು ನಾಲ್ಕೂ ಒಂದೇ ಅಂದುಕೊಂಡಿದ್ದೆ. ಹಳ್ಳಿಯಲ್ಲಿ ಒಂದೇ ಅಲ್ಲ. ನಿರ್ಧಾರ ಮನಸ್ಸಿನಲ್ಲಿ ಆಗುತ್ತದೆ, ತೀರ್ಮಾನ ನಾಲ್ಕು ಜನರ ಮುಂದೆ ಆಗುತ್ತದೆ, ಠರಾವು ಪುಸ್ತಕದಲ್ಲಿ ಆಗುತ್ತದೆ. ಇದನ್ನು ಹೇಳಿಕೊಟ್ಟಿದ್ದು ಒಬ್ಬ ನಿವೃತ್ತ ಪಂಚಾಯಿತಿ ಕಾರ್ಯದರ್ಶಿ. ಟೀ ಕುಡಿಯುತ್ತಾ ಸುಮ್ನೆ ಹೇಳಿದರು. ನನ್ನ ಪ್ರಬಂಧದ ಮೂರನೇ ಅಧ್ಯಾಯ ನಿಂತಿರುವುದೇ ಆ ಮಾತಿನ ಮೇಲೆ. ಕನ್ನಡದಲ್ಲಿ ಬರೆದಿದ್ದಕ್ಕೆ ಇದು ದಕ್ಕಿತು ಅಂತ ನನಗೆ ಅನಿಸುತ್ತದೆ.

ಕ್ಷೇತ್ರಕಾರ್ಯ 2019ರಲ್ಲಿ ಶುರುವಾಯಿತು. ನಡವಳಿ ಪುಸ್ತಕ ತೆರೆದರೆ ಪುಟ ಪುಟದಲ್ಲೂ ಒಂದೇ ವಾಕ್ಯ: ‘ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು.’ ನಾನು ಕಣ್ಣಾರೆ ನೋಡಿದ ಒಂದು ಸಭೆಯಲ್ಲಿ ಎರಡು ಗಂಟೆ ಕೂಗಾಟ ಆಗಿತ್ತು. ಒಬ್ಬರು ಕುರ್ಚಿ ಎತ್ತಿದ್ದರು. ಪುಸ್ತಕದಲ್ಲಿ ಅದೂ ಸರ್ವಾನುಮತವೇ.

ಇನ್ನೊಂದು ಸಭೆ ಮರೆಯೋಕೆ ಆಗಲ್ಲ. ಇರುವ ದುಡ್ಡಿಗೆ ಒಂದೇ ಕಾಮಗಾರಿ ಆಗುತ್ತಿತ್ತು. ರಸ್ತೆಯಾ, ಚರಂಡಿಯಾ, ಕುಡಿಯುವ ನೀರಾ? ಮೇಲಿನ ಕೇರಿಯವರಿಗೆ ಮೊದಲು ರಸ್ತೆ, ಆಮೇಲೆ ಚರಂಡಿ, ಕೊನೆಗೆ ನೀರು. ಕೆಳಗಿನ ಕೇರಿಗೆ ಚರಂಡಿ, ನೀರು, ರಸ್ತೆ. ಕಾಲೋನಿಯವರಿಗೆ ನೀರು, ರಸ್ತೆ, ಚರಂಡಿ. ಮೂರೂ ಕಡೆ ಹೆಚ್ಚುಕಮ್ಮಿ ಅಷ್ಟಷ್ಟೇ ಜನ. ರಸ್ತೆಯಾ ಚರಂಡಿಯಾ ಅಂತ ಕೈ ಎತ್ತಿಸಿದರೆ ರಸ್ತೆ ಗೆಲ್ಲುತ್ತದೆ. ಚರಂಡಿಯಾ ನೀರಾ ಅಂದರೆ ಚರಂಡಿ. ನೀರಾ ರಸ್ತೆಯಾ ಅಂದರೆ ನೀರು. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರಬೇಕು. ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ 1785ರಲ್ಲೇ ಇದನ್ನು ಕಂಡಿದ್ದ. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ಕೆಲವು ಸಾಧಾರಣ ಷರತ್ತುಗಳನ್ನೆಲ್ಲ ಒಟ್ಟಿಗೆ ಪೂರೈಸುವ ಮತ ಎಣಿಕೆಯ ವಿಧಾನವೇ ಇಲ್ಲ ಅಂತ ಆರೋ 1951ರಲ್ಲಿ ಸಾಧಿಸಿ ತೋರಿಸಿದರು. ನಮ್ಮ ಪಿಡಿಒ ಇವರಿಬ್ಬರನ್ನೂ ಓದಿರಲಿಲ್ಲ. ಮೊದಲು ರಸ್ತೆ ಮತ್ತು ಚರಂಡಿ ಇಟ್ಟು ಕೈ ಎತ್ತಿಸಿದರು, ಗೆದ್ದ ರಸ್ತೆಯನ್ನು ನೀರಿನ ಎದುರು ಇಟ್ಟರು. ನೀರು ಗೆದ್ದಿತು. ಬೇರೆ ಕ್ರಮದಲ್ಲಿ ಕೇಳಿದ್ದರೆ ಬೇರೆಯದು ಗೆಲ್ಲುತ್ತಿತ್ತು. ಆಮೇಲೆ ಅವರನ್ನು ಕೇಳಿದೆ, ಈ ಕ್ರಮದಲ್ಲೇ ಯಾಕೆ ಕೇಳಿದಿರಿ ಸರ್ ಅಂತ. “ಹಾಳೆಯಲ್ಲಿ ಹಂಗೆ ಬರ್ಕೊಂಡಿದ್ದೆ ಮೇಡಂ” ಅಂದರು.

ಅಷ್ಟರಲ್ಲಿ ಕೊರೊನಾ ಬಂತು. 2020ರ ಮಧ್ಯದಲ್ಲಿ ಪಂಚಾಯಿತಿಗಳ ಅವಧಿಯೂ ಮುಗಿದು ಆಡಳಿತಾಧಿಕಾರಿಗಳು ಬಂದರು. ಚುನಾವಣೆ ನಡೆದಿದ್ದು ಡಿಸೆಂಬರ್ 22 ಮತ್ತು 27ಕ್ಕೆ. ಅಲ್ಲಿಯವರೆಗೆ ನಾನು ನೋಡಬೇಕಾದ ಸಭೆಗಳೇ ಇರಲಿಲ್ಲ. ಕಾಲೇಜು ಮುಚ್ಚಿತ್ತು, ಗೌರವಧನ ನಿಂತಿತ್ತು. ಆ ವರ್ಷ ಸಂಶೋಧನೆ ಬಿಟ್ಟೇಬಿಡೋಣ ಅಂತ ಎರಡು ಸಲ ಅನಿಸಿತು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಆಗ ಆರಾರು ತಿಂಗಳಂತೆ ಪ್ರಬಂಧ ಸಲ್ಲಿಸುವ ಅವಧಿ ವಿಸ್ತರಿಸುತ್ತಾ ಹೋಯಿತು. ಅದು ತಾನಾಗಿ ಸಿಗುತ್ತದೆ ಅಂದುಕೊಂಡಿದ್ದೆ. ನಮ್ಮಲ್ಲಿ ಅರ್ಜಿ ಕೊಟ್ಟವರಿಗೆ ಮಾತ್ರ ಸಿಕ್ಕಿತು. ಯಾವ ಸುತ್ತೋಲೆ ಬಂದರೂ ಒಂದು ಅರ್ಜಿ ಬರೆದು ಟಪಾಲಿಗೆ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆರು ವರ್ಷದ ಮಿತಿಯ ಮೇಲೆ ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚುವರಿ ಇದೆ ಅನ್ನುವುದೂ ನೆನಪಿರಲಿ. ಈ ವಿಷಯ ನನಗೆ ನಾಲ್ಕನೇ ವರ್ಷದಲ್ಲಿ ಗೊತ್ತಾಯಿತು. ಅಲ್ಲಿವರೆಗೆ ಸುಮ್ನೆ ನಿದ್ದೆಗೆಟ್ಟಿದ್ದೆ.

ನಾವು ಯುಜಿಸಿಯ 2016ರ ನಿಯಮಾವಳಿಯವರು. ಹಾಗಾಗಿ ಒಂದು ಲೇಖನ ಪ್ರಕಟ ಆಗಬೇಕಿತ್ತು, ಎರಡು ವಿಚಾರ ಸಂಕಿರಣದಲ್ಲಿ ಮಂಡಿಸಬೇಕಿತ್ತು. 2022ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮದಲ್ಲಿ ಲೇಖನದ ಕಡ್ಡಾಯ ಇಲ್ಲ, ಆದರೆ ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟಿರಬಹುದು, ಕೇಳಿ ನೋಡಿ. ವಾಟ್ಸಾಪಿನಲ್ಲಿ ‘ಮೂರೇ ದಿನದಲ್ಲಿ ಪ್ರಕಟಣೆ’ ಅಂತ ಬರುತ್ತಿತ್ತು. ನಾನು ಒಂದು ಸಲ 1,800 ರೂಪಾಯಿ ಕಟ್ಟಿ ಮೋಸ ಹೋದೆ. ಲೇಖನ ಬಂತು, ಪತ್ರಿಕೆಯೇ ಮಾಯವಾಯಿತು. ಆಮೇಲೆ ಸರಿಯಾದ ಪತ್ರಿಕೆಗೆ ಕಳಿಸಿ ಹನ್ನೊಂದು ತಿಂಗಳು ಕಾದೆ. ದುಡ್ಡು ಕೇಳಲಿಲ್ಲ, ಎರಡು ಸಲ ತಿದ್ದಿಸಿದರು. ಆ ತಿದ್ದುಪಡಿ ಪ್ರಬಂಧಕ್ಕೂ ಕೆಲಸಕ್ಕೆ ಬಂತು.

ಈಗ ‘ನುಡಿ’ ಫಾಂಟಿನ ಕಥೆ. ಕನ್ನಡದಲ್ಲಿ ಬರೆಯುವವರು ಇದನ್ನೊಂದು ಓದಿ, ಉಳಿದದ್ದು ಬಿಟ್ಟರೂ ಪರವಾಗಿಲ್ಲ.

312 ಪುಟ. ಡಿಟಿಪಿ ಅಂಗಡಿಯವರು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟರು, ಪುಟಕ್ಕೆ 20 ರೂಪಾಯಿ. ಕೃತಿಚೌರ್ಯ ಪರೀಕ್ಷೆಗೆ ಗ್ರಂಥಾಲಯಕ್ಕೆ ಸಿಡಿ ಕೊಟ್ಟೆ. ವರದಿ ಬಂತು: ಶೇ. 0. ಮನೆಯಲ್ಲಿ ಪಾಯಸ ಮಾಡಿದರು. ಮರುದಿನ ಗ್ರಂಥಪಾಲಕರು ಫೋನ್ ಮಾಡಿದರು. “ಶೇಕಡಾ ಸೊನ್ನೆ ಬಂದಿರೋದು ನೀವು ಕದ್ದಿಲ್ಲ ಅಂತಲ್ಲ ಮೇಡಂ, ಸಾಫ್ಟ್‌ವೇರ್‌ಗೆ ಒಂದಕ್ಷರಾನೂ ಓದೋಕೆ ಆಗಿಲ್ಲ ಅಂತ.” ಹಳೇ ಫಾಂಟ್ ಪರದೆಯ ಮೇಲೆ ಕನ್ನಡ ಕಾಣಿಸುತ್ತದೆ, ಒಳಗಿರುವುದು ಬೇರೆ ಸಂಕೇತ. ಯಂತ್ರಕ್ಕೆ ಅದು ಬರೀ ಕಸ. ಯೂನಿಕೋಡ್‌ಗೆ ಬದಲಾಯಿಸಬೇಕಾಯಿತು. ಪರಿವರ್ತಕಕ್ಕೆ ಹಾಕಿದರೆ ಕನ್ನಡವೇನೋ ಬಹುಪಾಲು ಸರಿ ಬಂತು, ಅರ್ಕಾವತ್ತು ಕೆಲವು ಕಡೆ ಎಲ್ಲೆಲ್ಲೋ ಹೋಗಿ ಕೂತಿತು. ಗ್ರಂಥಸೂಚಿಯಲ್ಲಿದ್ದ ಇಂಗ್ಲಿಷ್ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾದವು. ಅದನ್ನು ಸರಿಪಡಿಸಲು ನನಗೂ ನನ್ನ ತಮ್ಮನಿಗೂ ಮೂರು ವಾರ ಬೇಕಾಯಿತು. ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ, ದಯವಿಟ್ಟು.

ಎರಡನೇ ವರದಿ ಶೇ. 14. ಮಿತಿ ಇರುವುದು ಶೇ. 10. ಬಿಡಿಸಿ ನೋಡಿದರೆ ಹೊಂದಿಕೆ ಆಗಿದ್ದು ಬಹುಪಾಲು ಪಂಚಾಯತ್ ರಾಜ್ ಕಾಯ್ದೆಯ ಕಲಮುಗಳು! ಯುಜಿಸಿಯ 2018ರ ನಿಯಮ ಓದಿಕೊಂಡು ಹೋದೆ. ಮೂಲ ಹೇಳಿ ಉಲ್ಲೇಖಿಸಿದ ಭಾಗ, ಗ್ರಂಥಸೂಚಿ, ಕಾನೂನಿನ ಪಠ್ಯ ಇವನ್ನೆಲ್ಲ ಲೆಕ್ಕದಿಂದ ಹೊರಗಿಡಬೇಕು ಅಂತ ಅದರಲ್ಲೇ ಇದೆ. ಪ್ರಿಂಟ್ ತೋರಿಸಿದ ಮೇಲೆ ಮತ್ತೆ ಪರೀಕ್ಷಿಸಿದರು. ಶೇ. 7 ಆಯಿತು.

2024ರ ಆಗಸ್ಟ್‌ನಲ್ಲಿ ಸಲ್ಲಿಸಿದೆ. ಮೌಲ್ಯಮಾಪನ ಆರು ತಿಂಗಳಲ್ಲಿ ಮುಗಿಯಬೇಕು ಅನ್ನುವುದು ಯುಜಿಸಿ ಮಾತು. ನನಗೆ ಹದಿನಾಲ್ಕು ತಿಂಗಳಾಯಿತು. ನಮ್ಮ ವಿಶ್ವವಿದ್ಯಾಲಯದ ನಿಯಮದ ಪ್ರಕಾರ ಇಬ್ಬರು ಹೊರಗಿನ ಪರೀಕ್ಷಕರಲ್ಲಿ ಒಬ್ಬರು ಹೊರರಾಜ್ಯದವರಾಗಬೇಕು. ಯೋಚಿಸಿ. ಹೊರರಾಜ್ಯದಲ್ಲಿರಬೇಕು, ಕನ್ನಡದಲ್ಲಿ 312 ಪುಟ ಓದಬಲ್ಲವರಾಗಬೇಕು, ರಾಜ್ಯಶಾಸ್ತ್ರದವರಾಗಬೇಕು, ಪ್ರಾಧ್ಯಾಪಕರೇ ಆಗಿರಬೇಕು. ಹೊರಗಡೆ ಕನ್ನಡ ವಿಭಾಗಗಳೇನೋ ಇವೆ, ಮುಂಬೈಯಲ್ಲಿದೆ, ಮದ್ರಾಸಿನಲ್ಲಿದೆ. ಅಲ್ಲಿರುವವರು ಸಾಹಿತ್ಯದವರು. ಪಟ್ಟಿಯಲ್ಲಿದ್ದ ಇಬ್ಬರು ನಿವೃತ್ತರಾಗಿದ್ದರು, ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಪಟ್ಟಿ ಎರಡನೇ ಸಲ ಮಂಡಳಿಯ ಮುಂದೆ ಹೋಗಬೇಕಾಯಿತು. ಮಂಡಳಿ ಸೇರಲು ಕೋರಂ ಇಲ್ಲ. ಕೋರಂ ಇದ್ದ ದಿನ ಕುಲಪತಿಗಳಿಗೆ ಬೇರೆ ಸಭೆ. ವಿಷಯ ನಿರ್ವಾಹಕರನ್ನು ಕೇಳಿದರೆ ಸೆಕ್ಷನ್ ಆಫೀಸರ್ ಕಡೆ ಕೈ ತೋರಿಸುವರು, ಅವರು ಕುಲಸಚಿವರ ಕಡೆ, ಅವರು ಮಂಡಳಿ ಕಡೆ. ತಡ ಮಾಡಿದವರು ಇವರೇ ಅಂತ ಒಬ್ಬರ ಹೆಸರು ಹೇಳೋಕೆ ನನಗೆ ಈಗಲೂ ಆಗುವುದಿಲ್ಲ. ಸಭೆಗೆ ಮನಸ್ಸಿದೆಯಾ ಅಂತ ಏಳು ವರ್ಷ ಕೇಳಿದವಳಿಗೆ ಈ ಶಿಕ್ಷೆ ಸರಿಯಾಗೇ ಇತ್ತು ಅನ್ನಿ.

ಕೊನೆಗೆ ಕೇರಳದಲ್ಲಿ ಕೆಲಸ ಮಾಡುವ, ಕನ್ನಡ ಮನೆಮಾತಿನ ಒಬ್ಬರು ಒಪ್ಪಿಕೊಂಡರು. ಪರೀಕ್ಷಕರನ್ನು ನಾವು ಸಂಪರ್ಕಿಸಬಾರದು. ಆದರೆ ಹೆಸರಿನ ಪಟ್ಟಿ ಕೊಡುವ ಮೊದಲು ಅವರು ಇನ್ನೂ ಸೇವೆಯಲ್ಲಿದ್ದಾರಾ ಅಂತ ಆಯಾ ಸಂಸ್ಥೆಯ ವೆಬ್‌ಸೈಟ್ ನೋಡಿ ಅಂತ ಗೈಡ್‌ಗೆ ನೆನಪಿಸಬಹುದು. ನಾನು ಅದನ್ನು ಮಾಡಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ಖರ್ಚು ಕೇಳುವವರಿಗೆ: ಶುಲ್ಕ, ಟೈಪಿಂಗ್, ಪ್ರಿಂಟು, ಬೈಂಡಿಂಗ್, ಓಡಾಟ ಎಲ್ಲ ಸೇರಿ ನನ್ನ ಡೈರಿಯಲ್ಲಿ 1,63,000 ರೂಪಾಯಿ ಇದೆ. ವಿಶ್ವವಿದ್ಯಾಲಯಕ್ಕೆ ಬಸ್ಸಲ್ಲಿ ನಾಲ್ಕು ಗಂಟೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ ಚಾರ್ಜ್ ಉಳಿಯಿತು, ಇಲ್ಲದಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು.

ವೈವಾಗೆ ಅವ್ವನೂ ಬಂದಿದ್ದಳು. ಮುಕ್ತ ಮೌಖಿಕ ಪರೀಕ್ಷೆ, ಯಾರು ಬೇಕಾದರೂ ಕೂರಬಹುದು. ಹಿಂದಿನ ಸಾಲಲ್ಲಿ ಸೆರಗು ಹೊದ್ದು ಕೂತಿದ್ದಳು. ಪರೀಕ್ಷಕರು ಕೇಳಿದ ದೊಡ್ಡ ಪ್ರಶ್ನೆ ಒಂದೇ. ಸಭೆಗೆ ಮನಸ್ಸಿಲ್ಲ ಅಂದರೆ, ಸಭೆ ತಪ್ಪು ಮಾಡಿದಾಗ ಯಾರನ್ನು ಕೇಳಬೇಕು? ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ ಎಲ್ಲರೂ ನಾನಲ್ಲ ಅನ್ನುತ್ತಾರೆ, ಅದು ನಿಜವೂ ಇರಬಹುದು, ಹಾಗಾಗಿಯೇ ಸಭೆಯನ್ನು ಸಭೆಯಾಗಿಯೇ ಹೊಣೆ ಮಾಡಬೇಕಾಗುತ್ತದೆ ಅಂತ ಪೆಟಿಟ್ ವಾದವನ್ನು ಹಿಡಿದು ಉತ್ತರಿಸಿದೆ. ಆದರೆ ನಡವಳಿಯಲ್ಲಿ ಯಾರು ಒಪ್ಪಲಿಲ್ಲ ಅನ್ನುವುದನ್ನೂ ಬರೆಯದಿದ್ದರೆ, ಸಭೆಯ ಹೊಣೆ ಕೊನೆಗೆ ಬಡಪಾಯಿ ಸದಸ್ಯೆಯ ತಲೆಗೆ ಬರುತ್ತದೆ ಅಂತಲೂ ಹೇಳಿದೆ. ಕೇರಳದವರು ತಲೆಯಾಡಿಸಿದರು. ಇನ್ನೊಬ್ಬರಿಗೆ ಪೂರ್ತಿ ಒಪ್ಪಿಗೆ ಇದ್ದಂತೆ ಕಾಣಲಿಲ್ಲ. ವರದಿಯಲ್ಲಿ ‘ಸರ್ವಾನುಮತದಿಂದ ಶಿಫಾರಸು ಮಾಡಲಾಗಿದೆ’ ಅಂತ ಬರೆದರು. ನಾನು ನಗು ತಡೆದುಕೊಂಡೆ.

ಹೊರಗೆ ಬಂದಮೇಲೆ ಅವ್ವ ಕೇಳಿದಳು, “ಬೋರ್‌ವೆಲ್ ವಿಷ್ಯ ಎಲ್ಲಾರ್ ಮುಂದೆ ಹೇಳಿದ್ಯಾ?” ಹೆಸರು ಹೇಳಲಿಲ್ಲವ್ವಾ ಅಂದೆ. “ಹೇಳ್ಬೇಕಿತ್ತು” ಅಂದಳು.

ನೋಟಿಫಿಕೇಶನ್ ಬಂದ ದಿನ ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಇನಿಶಿಯಲ್ ಹೆಸರಿನ ಹಿಂದೆ ಇದೆ, ಇಲ್ಲಿ ಮುಂದೆ ಬಂದಿದೆ. ಘಟಿಕೋತ್ಸವಕ್ಕೆ ಮೊದಲು ಸರಿ ಮಾಡಿಸದಿದ್ದರೆ ನೇಮಕಾತಿಯಲ್ಲಿ ತೊಂದರೆ ಆಗುತ್ತದೆ ಅಂತ ಹಿಂದಿನವರು ಎಚ್ಚರಿಸಿದ್ದರು. ನೋಂದಣಿ ಅರ್ಜಿ ತುಂಬುವಾಗಲೇ ಅಂಕಪಟ್ಟಿ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ನಾನು ಸೋಮವಾರ ತಿದ್ದುಪಡಿ ಅರ್ಜಿ, ಚಲನ್, ಅಂಕಪಟ್ಟಿ ಜೆರಾಕ್ಸ್ ಇಟ್ಟು ಟಪಾಲಿಗೆ ಕೊಟ್ಟೆ. ಯಾವಾಗ ಆಗುತ್ತೆ ಸರ್ ಅಂದೆ.

“ಒಂದಕ್ಷರ ತಾನೇ ಮೇಡಂ, ನಾನೇ ಮಾಡ್ಬಿಡ್ತಿದ್ದೆ. ಆದ್ರೆ ಕಮಿಟಿ ಮುಂದೆ ಇಡ್ಬೇಕು” ಅಂದರು.